ವೈದ್ಯರ ಚೀಟಿಯಲ್ಲಿರುವ ‘ಸ್ಟರ್ಟರ್’ ಎಂದರೇನು?

ತಿತಿಮತಿ, ಗೋಣಿಕೊಪ್ಪ ಕಡೆಯ ರೋಗಿಯನ್ನು ಮೈಸೂರಿಗೆ ಕಳುಹಿಸುವಾಗ ವೈದ್ಯರು ಕೊಡುವ ಚೀಟಿಯಲ್ಲಿ ಕೆಲವೊಮ್ಮೆ ‘ಸ್ಟರ್ಟರಸ್ ಬ್ರೀದಿಂಗ್’ ಎಂದು ಬರೆದಿರುತ್ತದೆ. ಇದು ಕಾಯಿಲೆಯ ಹೆಸರಲ್ಲ, ಸದ್ದಿನ ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ಸ್ಟರ್ಟೆರೆ’ ಎಂದರೆ ಗೊರಕೆ ಹೊಡೆಯುವುದು. ‘ಸ್ಟರ್ಟರ್’ ಬಂದದ್ದು ಅದರಿಂದಲೇ.

ಗೊರಕೆಯ ಹೆಸರುಗಳಲ್ಲಿ ಆ ಸದ್ದೇ ಕೇಳಿಸುತ್ತದೆ. ನಮ್ಮ ಮನೆಗಳಲ್ಲಿ ಕೆಲವರಿಗೆ ಅದು ಕೂರ್ಕಂ, ಕೆಲವರಿಗೆ ಖರ್ರಾಟೆ. ಅರಬಿಯಲ್ಲಿ ‘ಗತೀತ್’. ಇಬ್ನು ಅಬ್ಬಾಸ್(ರ) ತಮ್ಮ ಚಿಕ್ಕಮ್ಮ ಮೈಮೂನಾ(ರ)ರ ಮನೆಯಲ್ಲಿ ತಂಗಿದ್ದ ರಾತ್ರಿಯ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಪ್ರವಾದಿ(ಸ)ರ ನಿದ್ದೆಯ ಉಸಿರಿನ ಸದ್ದಿಗೆ ಅಲ್ಲಿ ‘ಗತೀತ್’ ಅಥವಾ ‘ಖತೀತ್’ ಎಂದಿದೆ. ಒಂದು ಅಕ್ಷರದ ಸಂದೇಹವನ್ನೂ ಮುಚ್ಚಿಡದೆ ದಾಖಲಿಸಿದವರ ಪ್ರಾಮಾಣಿಕತೆ ನೋಡಿ!

ವೈದ್ಯರು ಮಾತ್ರ ‘ಸ್ಟರ್ಟರ್’ ಪದವನ್ನು ಅಳೆದು ಬಳಸುತ್ತಾರೆ. ಮೂಗು, ಗಂಟಲಿನಿಂದ ಬರುವ ದಪ್ಪ ಸದ್ದು ಸ್ಟರ್ಟರ್. ಅದಕ್ಕಿಂತ ಕೆಳಗೆ, ಧ್ವನಿಪೆಟ್ಟಿಗೆಯ ಹತ್ತಿರ ದಾರಿ ಇಕ್ಕಟ್ಟಾಗಿ ಕೀರಲಾಗಿ ಕೇಳುವುದು ‘ಸ್ಟ್ರೈಡರ್’. ಅದೂ ಲ್ಯಾಟಿನ್ನೇ, ಕಿರುಗುಟ್ಟುವಿಕೆ ಎಂದರ್ಥ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಸುಬ್‌ಹಿಗೆ ಎಬ್ಬಿಸಲು ಹೋದಾಗ ಉಪ್ಪ ಜೋರಾಗಿ ಗೊರಕೆ ಹೊಡೆಯುತ್ತಿರುತ್ತಾರೆ. ‘ಒಳ್ಳೆ ನಿದ್ದೆ, ಮಲಗಲಿ’ ಎಂದು ಬಿಟ್ಟುಬಿಡುತ್ತೇವೆ. ನಿದ್ದೆಯಲ್ಲಿರುವವರು ಕರೆದು ಅಲುಗಾಡಿಸಿದರೆ ಎಚ್ಚರಗೊಳ್ಳುತ್ತಾರೆ, ಕನಿಷ್ಠ ಗದರುತ್ತಾರೆ. ಎಷ್ಟು ಕರೆದರೂ ಏಳದಿದ್ದರೆ ಅದು ನಿದ್ದೆಯಲ್ಲ, ಪ್ರಜ್ಞೆ ತಪ್ಪಿದೆ. ನಾಲಗೆ ಸಡಿಲಗೊಂಡು ಹಿಂದಕ್ಕೆ ಸರಿದು, ಅರ್ಧ ಮುಚ್ಚಿದ ದಾರಿಯಲ್ಲಿ ಉಸಿರು ಗೊರಗುಟ್ಟುತ್ತಿದೆ. ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತೀರಾ ಇಳಿಯುವುದು, ಇವೆಲ್ಲ ಕಾರಣವಾಗಬಹುದು.

ಆಗ ಬಾಯಿಗೆ ನೀರು ಹಾಕಬೇಡಿ, ಅದು ಝಂಝಂ ಆದರೂ ಸರಿ, ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ. ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿ ಸ್ವಲ್ಪ ಕೆಳಮುಖವಾಗಿರಲಿ. ಬಿದ್ದು ಪೆಟ್ಟಾದವರಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿ ಹೊರಳಬೇಕು. ಒಬ್ಬರು ಪಕ್ಕದಲ್ಲೇ ಕುಳಿತಿರಲಿ. ಸದ್ದು ನಿಂತರೆ ಗುಣವಾಯಿತೆಂದುಕೊಳ್ಳದೆ ಉಸಿರಿದೆಯೇ ಎಂದು ನೋಡಲಿ. ರಾತ್ರಿ ಕೊನೆಯದಾಗಿ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ ಎಂಬುದನ್ನು ವೈದ್ಯರಿಗೆ ಹೇಳಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಮೈಸೂರಿನ ದಾರಿಯಲ್ಲೇ ಅದರಲ್ಲಿ ಒಂದು ಪಾಲು ಕಳೆದುಹೋಗುತ್ತದೆ.