ಆರ್ಕುಟ್ ಗೆಳೆತನ, 2 ಕೋಟಿ ಬೇಡಿಕೆ, ಬಾಲಕನ ಕೊಲೆ: ಆರೋಪಿಗಳು ಸಿಕ್ಕರೂ ಕೇಸ್ ನಿಲ್ಲಲಿಲ್ಲ ಏಕೆ?

ನವಿ ಮುಂಬೈ: ಐರೋಲಿ, ವಾಶಿ, ನೆರೂಲ್ ಭಾಗದಲ್ಲಿ ಮಕ್ಕಳು ಕಾಣೆಯಾದ ಸುದ್ದಿ ಬಂದಾಗಲೆಲ್ಲ ಹಳಬರಿಗೆ 2007ರ ಆಗಸ್ಟ್ ನೆನಪಾಗುತ್ತದೆ. ಅಂಧೇರಿಯ ಲೋಖಂಡ್‌ವಾಲಾದಿಂದ ಕಾರಿನಲ್ಲಿ ಹೊರಟ 16 ವರ್ಷದ ಬಾಲಕ ಮನೆಗೆ ಮರಳಲೇ ಇಲ್ಲ. ಪೊಲೀಸರು ಬೇಗನೆ ಆರೋಪಿಗಳನ್ನು ಹಿಡಿದರು. ಆದರೆ ನಾಲ್ಕೂವರೆ ವರ್ಷದ ಬಳಿಕ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಹೀಗಾದದ್ದು ಹೇಗೆ? ಇಲ್ಲಿದೆ ವಿವರ.

ಏನಿದು ಪ್ರಕರಣ?

2007ರ ಆಗಸ್ಟ್ 18ರ ಶನಿವಾರ ಗೆಳೆಯರನ್ನು ಭೇಟಿಯಾಗಲು ಬಾಲಕ ಮನೆಯಿಂದ ಹೊರಟಿದ್ದ. ಬಳಿಕ ಉದ್ಯಮಿಯಾಗಿದ್ದ ತಂದೆಗೆ ಫೋನ್ ಬಂತು. ಬೇಡಿಕೆ 2 ಕೋಟಿ ರೂಪಾಯಿ. ಎರಡು ದಿನ ಕಳೆಯುವುದರೊಳಗೆ ನವಿ ಮುಂಬೈನ ಪಾಮ್ ಬೀಚ್ ರಸ್ತೆ ಬಳಿ ಬಾಲಕನ ಶವ ಪತ್ತೆಯಾಯಿತು. ಕತ್ತು ಹಿಸುಕಿ ಕೊಲ್ಲಲಾಗಿತ್ತು. ಅಪಹರಣದ ಸುದ್ದಿ ಟಿವಿಯಲ್ಲಿ ಬಿತ್ತರವಾದದ್ದೇ ಅವನ ಜೀವಕ್ಕೆ ಮುಳುವಾಯಿತೇ ಎಂಬ ಪ್ರಶ್ನೆಯೂ ಆಗ ಎದ್ದಿತ್ತು.

ಆರೋಪಿಗಳು ಬಾಲಕನಿಗೆ ಅಪರಿಚಿತರಲ್ಲ, ಆರ್ಕುಟ್ ಮೂಲಕವೂ ಸಂಪರ್ಕದಲ್ಲಿದ್ದವರು ಎಂದು ಪೊಲೀಸರು ಹೇಳಿದರು. ಸಾಮಾಜಿಕ ಜಾಲತಾಣದ ಹೆಸರು ಇಂಥ ಅಪರಾಧದ ಜೊತೆ ತಳಕು ಹಾಕಿಕೊಂಡ ದೇಶದ ಮೊದಲ ದೊಡ್ಡ ಪ್ರಕರಣಗಳಲ್ಲಿ ಇದೂ ಒಂದು.

ಸೇತುವೆ ದಾಟಿದರೆ ಪೊಲೀಸರೇ ಬೇರೆ

ಮುಂಬೈನಿಂದ ನವಿ ಮುಂಬೈಗೆ ಬರಲು ವಾಶಿ ಸೇತುವೆ ಒಂದು ದಾರಿ, ಮುಲುಂಡ್-ಐರೋಲಿ ಸೇತುವೆ ಇನ್ನೊಂದು. ಖಾಡಿ ದಾಟಲು ಕೆಲವೇ ನಿಮಿಷ ಸಾಕು. ಆದರೆ ಆಚೆ ಮುಂಬೈ ಪೊಲೀಸ್ ಕಮಿಷನರೇಟ್, ಈಚೆ ನವಿ ಮುಂಬೈ ಕಮಿಷನರೇಟ್. ಮಗು ಕಾಣೆಯಾದ ಜಾಗ ಒಂದು ಕಡೆ, ಶವ ಸಿಕ್ಕ ಜಾಗ ಇನ್ನೊಂದು ಕಡೆ ಆದಾಗ ಪಂಚನಾಮೆ, ಸಾಕ್ಷಿ ಹೇಳಿಕೆ, ಫೋನ್ ದಾಖಲೆ ಎಲ್ಲವನ್ನೂ ಒಂದೇ ಕಥೆಯಾಗಿ ಜೋಡಿಸುವುದು ತನಿಖಾಧಿಕಾರಿಗೆ ಸವಾಲು.

ನ್ಯಾಯಾಲಯದಲ್ಲಿ ಆಗಿದ್ದೇನು?

2012ರ ಜನವರಿಯಲ್ಲಿ ಮುಂಬೈ ಸೆಷನ್ಸ್ ನ್ಯಾಯಾಲಯ ನಾಲ್ವರು ಆರೋಪಿಗಳನ್ನು ಸಾಕ್ಷ್ಯದ ಕೊರತೆಯಿಂದ ಬಿಡುಗಡೆ ಮಾಡಿತು. ಸಾಂದರ್ಭಿಕ ಸಾಕ್ಷ್ಯಗಳ ಸರಪಳಿಯನ್ನು ಪೂರ್ಣಗೊಳಿಸಲು ಪ್ರಾಸಿಕ್ಯೂಷನ್‌ಗೆ ಸಾಧ್ಯವಾಗಲಿಲ್ಲ.

ಏನಿದು ಸರಪಳಿ? ಕೊಲೆಯನ್ನು ಕಣ್ಣಾರೆ ಕಂಡವರು ಇಲ್ಲದಾಗ ಕೊನೆಯ ಬಾರಿ ಜೊತೆಗಿದ್ದವರು ಯಾರು, ಫೋನ್ ಯಾರದ್ದು, ಬೇಡಿಕೆಯ ಕರೆ ಮಾಡಿದವರು ಯಾರು, ಏನೇನು ವಶಕ್ಕೆ ಸಿಕ್ಕಿತು ಎಂಬ ಕೊಂಡಿಗಳನ್ನೇ ಜೋಡಿಸಬೇಕು. ಇವೆಲ್ಲ ಸೇರಿ ಆರೋಪಿಯನ್ನು ಮಾತ್ರ ಬೊಟ್ಟು ಮಾಡಬೇಕು, ಬೇರೆ ಸಾಧ್ಯತೆಗೆ ಜಾಗ ಇರಬಾರದು ಎಂದು 1984ರ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಕೊಂಡಿ ಕಳಚಿದರೂ ಸಂಶಯದ ಲಾಭ ಆರೋಪಿಗೆ.

'ತಪ್ಪೊಪ್ಪಿಕೊಂಡಿದ್ದಾನೆ' ಎಂಬ ಸುದ್ದಿ ಓದಿ ಕೇಸ್ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಆದರೆ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಲ್ಲ. ಆ ಹೇಳಿಕೆಯಿಂದ ಯಾವುದಾದರೂ ವಸ್ತು ಪತ್ತೆಯಾದರೆ ಅದಕ್ಕೆ ಸಂಬಂಧಿಸಿದ ಭಾಗಕ್ಕೆ ಮಾತ್ರ ಬೆಲೆ.

ಈಗ ಏನು ಬದಲಾಗಿದೆ?

* 2013ರ ಮೇ 10: ಬಚ್‌ಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕು ಎಂದಿತು.
* 2024ರ ಜುಲೈ 1: ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕು. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ 5 ವರ್ಷದ ಕಾಲಾವಕಾಶವಿದೆ.
* ಹಣಕ್ಕಾಗಿ ಅಪಹರಣಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 140(2) ಕಲಂ ಅನ್ವಯ. ಹಿಂದಿನ ಐಪಿಸಿ 364-ಎ ಕಲಂನಲ್ಲಿದ್ದಂತೆ ಇಲ್ಲೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅವಕಾಶವಿದೆ.

ಪೋಷಕರು ಏನು ಮಾಡಬೇಕು?

ಮಗು ಕಾಣದಿದ್ದರೆ '24 ಗಂಟೆ ಕಾಯಬೇಕು' ಎಂಬ ನಿಯಮ ಇಲ್ಲವೇ ಇಲ್ಲ. ತಕ್ಷಣ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ವ್ಯಾಪ್ತಿ ಯಾವುದೇ ಇರಲಿ, ಹತ್ತಿರದ ಠಾಣೆಯಲ್ಲೇ ಝೀರೋ ಎಫ್‌ಐಆರ್ ದಾಖಲಿಸಬಹುದು. ಇತ್ತೀಚಿನ ಫೋಟೊ, ಧರಿಸಿದ್ದ ಬಟ್ಟೆ, ಮೊಬೈಲ್ ನಂಬರ್, ಜಾಲತಾಣದ ಖಾತೆಗಳ ವಿವರ ಕೊಡಿ. ಹಣ ಕೇಳಿ ಕರೆ ಬಂದರೆ ಅಳಿಸಬೇಡಿ, ಪೊಲೀಸರಿಗೆ ತಿಳಿಸಿ. ಅದನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಬೇಡಿ.

ಆರ್ಕುಟ್ 2014ರಲ್ಲೇ ಮುಚ್ಚಿದೆ. ಆದರೆ ಮಕ್ಕಳು ಆನ್‌ಲೈನ್‌ನಲ್ಲಿ ಯಾರ ಜೊತೆ ಮಾತನಾಡುತ್ತಾರೆ, ಯಾರನ್ನು ಭೇಟಿಯಾಗಲು ಹೋಗುತ್ತಾರೆ ಎಂಬ ಪ್ರಶ್ನೆ ಇಂದಿಗೂ ಹಾಗೇ ಇದೆ. ಇದನ್ನು ಮನೆಯಲ್ಲಿ ಗದರದೆ ಕೇಳುವುದು ಒಳ್ಳೆಯದು. ಮುಂದೆ ಏನಾದರೂ ಆದರೆ ಪೊಲೀಸರು ಕೇಳುವ ಮೊದಲ ಪ್ರಶ್ನೆಯೂ ಅದೇ.