ಹೆಸರಿಲ್ಲದ ಡಬ್ಬಕ್ಕೆ ಬ್ಯಾಂಕಿನ ಕಾಗದ ಬೀಳುವುದಿಲ್ಲ

ಜರ್ಮನಿಯ ಯಾವುದೇ ಊರಿನ ವಠಾರದಂಥ ಕಟ್ಟಡದ ಬಾಗಿಲಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಾಲಾಗಿ ಜೋಡಿಸಿದ ತಗಡಿನ ಅಂಚೆ ಡಬ್ಬಗಳು. ಅವುಗಳ ಮೇಲೆ ಇರುವುದು ಹೆಸರು: ಶ್ಮಿಟ್, ಯಿಲ್ಮಾಜ್, ನೊವಾಕ್. ನಮ್ಮಲ್ಲಿಯ ಹಾಗೆ ‘ಮೂರನೇ ಮಹಡಿ, 304’ ಎಂದು ಫ್ಲ್ಯಾಟಿಗೆ ನಂಬರ್ ಹಾಕುವ ರೂಢಿ ಅಲ್ಲಿ ಕಡಿಮೆ. ಲಕೋಟೆಯ ಮೇಲಿನ ಹೆಸರು ಡಬ್ಬದ ಮೇಲೆ ಕಾಣದಿದ್ದರೆ ಅಂಚೆಯಣ್ಣ ಯಾರನ್ನೂ ಕೇಳುವ ಗೋಜಿಗೆ ಹೋಗುವುದಿಲ್ಲ. ಕಾಗದ ಬಂದ ದಾರಿಯಲ್ಲೇ ವಾಪಸು. ಹಾಗಾಗಿ ಹೊಸದಾಗಿ ಹೋದವರು ನೋಟ್‌ಬುಕ್ಕಿನ ಹಾಳೆ ಹರಿದು, ಬಾಲ್‌ಪೆನ್ನಿನಲ್ಲಿ ಹೆಸರು ಬರೆದು, ಡಬ್ಬಕ್ಕೆ ಸೆಲ್ಲೊಟೇಪು ಹಚ್ಚಿ ಅಂಟಿಸುತ್ತಾರೆ.

ಬ್ಯಾಂಕ್ ಖಾತೆ ತೆರೆಯುವವರು ಮೊದಲು ಮಾಡಬೇಕಾದ ಕೆಲಸವೂ ಇದೇ. ಅರ್ಜಿಯನ್ನು ಮೊಬೈಲಿನಲ್ಲೇ ತುಂಬಿದರೂ ಅನೇಕ ಬ್ಯಾಂಕುಗಳು ಕಾರ್ಡನ್ನು ಒಂದು ಲಕೋಟೆಯಲ್ಲಿ, ಅದರ ಪಿನ್ ನಂಬರನ್ನು ಎರಡು ದಿನ ಬಿಟ್ಟು ಇನ್ನೊಂದು ಲಕೋಟೆಯಲ್ಲಿ ಕಳಿಸುತ್ತವೆ. ಆನ್‌ಲೈನ್ ಬ್ಯಾಂಕಿಂಗಿನ ಗುಟ್ಟಿನ ಸಂಖ್ಯೆಗೆ ಮೂರನೆಯದೊಂದು ಲಕೋಟೆ. ಒಂದೇ ಕಳ್ಳನ ಕೈಗೆ ಎರಡೂ ಸಿಗಬಾರದು ಎಂಬ ಲೆಕ್ಕಾಚಾರ. ಡಬ್ಬದ ಮೇಲೆ ಚೀಟಿ ಇಲ್ಲದಿದ್ದರೆ ಮಾಲೀಕನಿಗೂ ಸಿಗುವುದಿಲ್ಲ ಅನ್ನುವುದು ಬೇರೆ ಮಾತು.

ಈ ಪಾಡು ಈಗ ನಮ್ಮವರಿಗೆ ಅಪರೂಪದ್ದಲ್ಲ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಓದುವ ಭಾರತೀಯರ ಸಂಖ್ಯೆ 2022–23ರಲ್ಲಿ ಚೀನೀಯರನ್ನು ಹಿಂದಿಕ್ಕಿತು. ಮರುವರ್ಷ ಅದು 49 ಸಾವಿರ ದಾಟಿತು. ಬೆಂಗಳೂರಿನಿಂದ ಎಂಜಿನಿಯರಿಂಗ್ ಓದಲು, ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರ ಮೊದಲ ತಿಂಗಳ ದಿನಚರಿಯಲ್ಲಿ ಬ್ಯಾಂಕಿನ ಕಥೆ ಇದ್ದೇ ಇರುತ್ತದೆ.

ವಿದ್ಯಾರ್ಥಿಗಳಿಗೆ ಈ ಕಥೆ ವಿಮಾನ ಹತ್ತುವ ಮೊದಲೇ ಶುರು. ಒಂದು ವರ್ಷದ ಖರ್ಚಿಗೆ ಹಣವಿದೆ ಎಂದು ತೋರಿಸದೆ ವೀಸಾ ಇಲ್ಲ. ಸ್ಕಾಲರ್‌ಶಿಪ್ಪಿನಂಥ ಬೇರೆ ದಾರಿಗಳೂ ಇವೆ, ಆದರೆ ಬಹಳ ಮಂದಿ ಹಿಡಿಯುವುದು ‘ಶ್ಪೆರ್‌ಕೊಂಟೊ’ದ ದಾರಿ. ಹಾಗೆಂದರೆ ಬೀಗ ಹಾಕಿದ ಖಾತೆ. 2024ರ ಸೆಪ್ಟೆಂಬರ್‌ನಿಂದ ವಿದ್ಯಾರ್ಥಿಗಳು ಅದರಲ್ಲಿ ಇಡಬೇಕಾದ ಮೊತ್ತ 11,904 ಯೂರೋ. ಯೂರೋಗೆ ನೂರು ರೂಪಾಯಿಯ ಲೆಕ್ಕ ಹಿಡಿದರೆ ಹನ್ನೆರಡು ಲಕ್ಷದ ಹತ್ತಿರ. ಊರಿನ ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬಿ, ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಬ್ಬರಿಗೆ ವರ್ಷಕ್ಕೆ ಇರುವ ಎರಡೂವರೆ ಲಕ್ಷ ಡಾಲರ್ ಮಿತಿಯೊಳಗೆ ಅಪ್ಪನೋ ಅಮ್ಮನೋ ಅದನ್ನು ಕಳಿಸುತ್ತಾರೆ. ಹಣ ಮಗನ ಹೆಸರಿನಲ್ಲೇ ಇರುತ್ತದೆ, ಮುಟ್ಟುವ ಹಾಗಿಲ್ಲ. ಜರ್ಮನಿಗೆ ಹೋಗಿ ಇಳಿದ ಮೇಲೆ ತಿಂಗಳಿಗೆ 992 ಯೂರೋ ಬಿಡುಗಡೆಯಾಗುತ್ತದೆ. ಅದೂ ಕೈಗೆ ಬರುವುದಿಲ್ಲ, ಅಲ್ಲಿಯ ಇನ್ನೊಂದು ಮಾಮೂಲಿ ಖಾತೆಗೆ ಬರುತ್ತದೆ. ಆ ಮಾಮೂಲಿ ಖಾತೆ ಇನ್ನೂ ತೆರೆದಿರುವುದಿಲ್ಲ!

ಹಾಸನದ ಕಡೆಯ ಹುಡುಗನೊಬ್ಬ ಹೀಗೆ ಹೋಗಿ ಇಳಿದ ಎಂದಿಟ್ಟುಕೊಳ್ಳೋಣ. ಹನ್ನೆರಡು ಲಕ್ಷದ ಒಡೆಯ, ಜೇಬಿನಲ್ಲಿ ಅಪ್ಪ ವಿಮಾನ ನಿಲ್ದಾಣದಲ್ಲಿ ತುರುಕಿದ ಮುನ್ನೂರು ಯೂರೋ. ಬ್ಯಾಂಕಿನ ಕೌಂಟರಿನಲ್ಲಿ ಪಾಸ್‌ಪೋರ್ಟ್ ಮುಂದಿಟ್ಟರೆ ಬರುವ ಪ್ರಶ್ನೆ, ‘ಮೆಲ್ಡೆಬೆಶೈನಿಗುಂಗ್ ಇದೆಯಾ?’ ಈ ಊರಿನಲ್ಲಿ ವಾಸವಿದ್ದೀರಿ ಎಂದು ನಗರಾಡಳಿತ ಕೊಡುವ ನೋಂದಣಿ ಪತ್ರ ಅದು. ಪಡೆಯಲು ನಾಗರಿಕ ಕಚೇರಿಗೆ ಹೋಗಬೇಕು. ಅಲ್ಲಿ ಮನೆ ಮಾಲೀಕರು ಸಹಿ ಮಾಡಿದ ‘ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್’ ಕೇಳುತ್ತಾರೆ. (ಜರ್ಮನ್ ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು. ಆ ಪದ ಮುಗಿಯುವಷ್ಟರಲ್ಲಿ ಸರದಿಯೇ ಮುಗಿದಿರುತ್ತದೆ.) ಇವರನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೇವೆ ಎಂಬ ಒಂದು ಹಾಳೆಯ ಮುಚ್ಚಳಿಕೆ, ಅಷ್ಟೆ. ಇನ್ನು ಮನೆ ಮಾಲೀಕರ ಹತ್ತಿರ ಹೋದರೆ ಅಡ್ವಾನ್ಸ್ ಮತ್ತು ಬಾಡಿಗೆ ಬ್ಯಾಂಕಿನ ಮೂಲಕವೇ ಬರಬೇಕು ಎನ್ನುತ್ತಾರೆ.

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.

ನೋಂದಣಿಗೆ ಕಾನೂನು ಕೊಡುವ ಗಡುವು ಮನೆಗೆ ಬಂದ ಎರಡು ವಾರ. ದೊಡ್ಡ ಊರುಗಳಲ್ಲಿ ಆ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೇ ಎರಡು ವಾರ ದಾಟಿರುತ್ತದೆ ಎಂಬುದು ಹೊಸಬರ ಮಾಮೂಲಿ ದೂರು. ಬೆಳಗ್ಗೆ ಬೇಗ ಎದ್ದು ವೆಬ್‌ಸೈಟನ್ನು ಮತ್ತೆ ಮತ್ತೆ ತೆರೆದು, ಯಾರೋ ರದ್ದು ಮಾಡಿದ ಹೊತ್ತನ್ನು ಹಿಡಿಯುವುದು ಅಲ್ಲಿಯ ನಮ್ಮ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಡುವ ಉಪಾಯ. ನಮ್ಮಲ್ಲಿ ತತ್ಕಾಲ್ ಟಿಕೆಟ್ ಹಿಡಿದು ಪಳಗಿದ ಕೈಗಳಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಬ್ಯಾಂಕಿನವರು ವಿಳಾಸಕ್ಕೆ ಇಷ್ಟು ಗಂಟು ಬೀಳುವುದು ಹಟಕ್ಕಲ್ಲ. ಕಪ್ಪು ಹಣ ತಡೆಯುವ ಅಲ್ಲಿಯ ಕಾನೂನು ಗ್ರಾಹಕರ ಬಗ್ಗೆ ಐದು ಸಂಗತಿ ಬರೆದಿಟ್ಟುಕೊಳ್ಳಲು ಹೇಳುತ್ತದೆ: ಹೆಸರು, ಹುಟ್ಟಿದ ಊರು, ಹುಟ್ಟಿದ ದಿನ, ರಾಷ್ಟ್ರೀಯತೆ, ವಾಸದ ವಿಳಾಸ. ಮೊದಲಿನ ನಾಲ್ಕೂ ಪಾಸ್‌ಪೋರ್ಟಿನಲ್ಲಿವೆ. ಐದನೆಯದು ನಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಇದ್ದರೂ ಅದು ಹಾಸನದ್ದು. ಊರಿನಲ್ಲಾದರೆ ಈ ತೊಂದರೆ ಬರುತ್ತಿರಲಿಲ್ಲ. ಬ್ಯಾಂಕುಗಳ ತವರೆನಿಸಿದ ನಮ್ಮ ಕರಾವಳಿಯ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರು ಮಾಡಿ, ಎರಡಾಣೆ ವಸೂಲಿಗೆ ಏಜೆಂಟರನ್ನು ಜನರ ಮನೆ ಬಾಗಿಲಿಗೆ ಕಳಿಸುತ್ತಿತ್ತು. ಆ ಏಜೆಂಟನಿಗೆ ಯಾರ ಮನೆ ಎಲ್ಲಿ ಎಂದು ಯಾವ ಕಚೇರಿಯೂ ಬರೆದುಕೊಡಬೇಕಿರಲಿಲ್ಲ. ಶಾಖೆಗೇ ಹೋಗಿ ಖಾತೆ ತೆರೆದರೂ ಹಳೆಯ ಗ್ರಾಹಕರೊಬ್ಬರು ‘ಇವರನ್ನು ನಾನು ಬಲ್ಲೆ’ ಎಂದು ಸಹಿ ಹಾಕುತ್ತಿದ್ದ ಕಾಲವನ್ನು ಐವತ್ತು ದಾಟಿದವರೆಲ್ಲ ಕಂಡಿದ್ದಾರೆ. ಪರದೇಶದಲ್ಲಿ ‘ನಾನು ಬಲ್ಲೆ’ ಎನ್ನುವವರು ಯಾರೂ ಇಲ್ಲ. ಆ ಸಹಿಯ ಜಾಗದಲ್ಲಿ ಅಲ್ಲಿ ಕೂತಿರುವುದೇ ಈ ನೋಂದಣಿ ಪತ್ರ.

ಗುರುತು ತೋರಿಸುವ ಶಾಸ್ತ್ರಕ್ಕೆ ಸಾಮಾನ್ಯವಾಗಿ ಮೂರು ದಾರಿ. ಶಾಖೆಗೆ ಖುದ್ದಾಗಿ ಹೋಗುವುದು ಒಂದು. ಊರೂರಲ್ಲೂ ಕೆಂಪು ‘ಎಸ್’ ಗುರುತು ಹಾಕಿಕೊಂಡ ಶ್ಪಾರ್‌ಕಾಸ್ಸೆ ಎಂಬ ಉಳಿತಾಯ ಬ್ಯಾಂಕುಗಳಿವೆ. ಈ ಪದ್ಧತಿ ಹ್ಯಾಂಬರ್ಗಿನಲ್ಲಿ 1778ರಲ್ಲಿ ಶುರುವಾದದ್ದು. ತಿಂಗಳಿಗಿಷ್ಟು ಎಂದು ಖಾತೆಯ ಶುಲ್ಕ ಹಿಡಿಯುವುದು ಸಾಮಾನ್ಯ. ಅದಕ್ಕೆ ಪ್ರತಿಯಾಗಿ ಮುಖ ನೋಡಿ ಮಾತಾಡುವ ಮನುಷ್ಯರು ಸಿಗುತ್ತಾರೆ. ಎರಡನೆಯದು ವಿಡಿಯೊ. ಪಾಸ್‌ಪೋರ್ಟನ್ನು ಕ್ಯಾಮೆರಾದ ಮುಂದೆ ಹಿಡಿದು, ಹೊಳೆಯುವ ಮುದ್ರೆ ಮಿನುಗುವ ತನಕ ಓರೆ ಮಾಡಿ, ನಂಬರನ್ನು ಗಟ್ಟಿಯಾಗಿ ಓದಿ ಹೇಳಬೇಕು. ಎಲ್ಲ ದೇಶಗಳ ಪಾಸ್‌ಪೋರ್ಟೂ ಇದಕ್ಕೆ ಒಗ್ಗುವುದಿಲ್ಲ. ಒಗ್ಗದಿದ್ದರೆ ಮೂರನೆಯದು ‘ಪೋಸ್ಟಿಡೆಂಟ್’. ಬ್ಯಾಂಕು ಕೊಟ್ಟ ಚೀಟಿ ಹಿಡಿದು ಅಂಚೆ ಕಚೇರಿಗೆ ಹೋದರೆ ಗುಮಾಸ್ತರು ಮುಖವನ್ನೂ ಫೋಟೊವನ್ನೂ ತಾಳೆ ನೋಡಿ ಬ್ಯಾಂಕಿಗೆ ತಿಳಿಸುತ್ತಾರೆ.

ನಮ್ಮ ಕಡೆಯವರ ನಿಜವಾದ ಫಜೀತಿ ಹೆಸರಿನದು. ಊರಿನಲ್ಲಿ ನಮ್ಮ ಹುಡುಗ ಎಚ್. ಆರ್. ಮಂಜುನಾಥ. ‘ಎಚ್’ ಹಾಸನ, ‘ಆರ್’ ಅಪ್ಪ ರಾಮಣ್ಣ. ಮನೆತನದ ಹೆಸರು ಎಂಬುದು ಹಳೆ ಮೈಸೂರು ಕಡೆಯ ಎಷ್ಟೋ ಸಂಸಾರಗಳಿಗೆ ಇಲ್ಲವೇ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಎಂದಾಗ ‘ಹಾಸನ ರಾಮಣ್ಣ’ ಎಂಬುದು ಸರ್‌ನೇಮಿನ ಕಲಮಿಗೆ ಹೋಗಿ ಕೂತಿರುತ್ತದೆ. ಅಲ್ಲಿಂದ ಮುಂದೆ ಬ್ಯಾಂಕಿನವರಿಗೆ ಅವನು ‘ಹೆರ್ ಹಾಸನ ರಾಮಣ್ಣ’, ಅಂದರೆ ಶ್ರೀಯುತ ಹಾಸನ ರಾಮಣ್ಣ. ಡಾಕ್ಟರ ಶಾಪಿನಲ್ಲಿ ‘ಹೆರ್ ರಾಮಣ್ಣ’ ಎಂದು ಕೂಗಿದಾಗ ಅಪ್ಪ ಯಾವಾಗ ಬಂದರು ಎಂದು ತಿರುಗಿ ನೋಡುವಂತಾಗುತ್ತದೆ. ಅಂಚೆ ಡಬ್ಬದ ಚೀಟಿಯಲ್ಲೂ ‘ಮಂಜು’ ಎಂದು ಬರೆದರೆ ಪ್ರಯೋಜನವಿಲ್ಲ, ‘ರಾಮಣ್ಣ’ ಇರಬೇಕು. ಹೆಸರಿನ ಈ ಪರದಾಟ ಈಗ ಹಣದ ವ್ಯವಹಾರಕ್ಕೂ ಬಂದಿದೆ. 2025ರ ಅಕ್ಟೋಬರ್ 9ರಿಂದ ಯೂರೋ ವಲಯದ ಬ್ಯಾಂಕುಗಳು ಹಣ ಕಳಿಸುವ ಮುಂಚೆ ಖಾತೆ ಸಂಖ್ಯೆಗೂ ಹೆಸರಿಗೂ ಹೊಂದಿಕೆಯಾಗುತ್ತದೆಯೇ ಎಂದು ನೋಡಿ, ಆಗದಿದ್ದರೆ ಕಳಿಸುವವರನ್ನು ಎಚ್ಚರಿಸಬೇಕು. ಜೊತೆಯಲ್ಲಿರುವ ಗೆಳೆಯ ‘ಮಂಜುನಾಥ ಎಚ್ ಆರ್’ ಎಂದು ಹಾಕಿ ತರಕಾರಿಯ ಪಾಲು ಕಳಿಸಲು ಹೊರಟರೆ ಪರದೆಯ ಮೇಲೆ ಎಚ್ಚರಿಕೆ ಮೂಡುವ ಸಂಭವ ಉಂಟು. ನೋಂದಣಿ, ಬ್ಯಾಂಕು, ವಿಮೆ, ಕಾಲೇಜು, ಎಲ್ಲ ಕಡೆಯೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಅಕ್ಷರಕ್ಷರ ಹೆಸರು ಬರೆಯುವುದೊಂದೇ ಇದಕ್ಕೆ ಮದ್ದು.

ಯಾರೂ ಖಾತೆ ಕೊಡುವುದಿಲ್ಲ ಎಂದರೆ? ಇಲ್ಲಿ ಹೊಸಬರಿಗೆ ಗೊತ್ತಿರಬೇಕಾದ, ಕೌಂಟರಿನಲ್ಲಿ ತಾನಾಗಿ ಯಾರೂ ಹೇಳದ ಒಂದು ಸಂಗತಿ ಇದೆ. ಐರೋಪ್ಯ ಒಕ್ಕೂಟ 2014ರಲ್ಲಿ ಒಂದು ನಿರ್ದೇಶನ ಹೊರಡಿಸಿತು. ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ಇರುವ ಯಾರಿಗಾದರೂ ಒಂದು ಮೂಲ ಖಾತೆ ಪಡೆಯುವ ಹಕ್ಕಿದೆ ಎಂಬುದು ಅದರ ಸಾರ. ಮನೆಯಿಲ್ಲದವರಿಗೂ ಇದೆ, ಆಶ್ರಯ ಕೋರಿ ಬಂದವರಿಗೂ ಇದೆ. ಜರ್ಮನಿಯಲ್ಲಿ ಆ ಹಕ್ಕು 2016ರ ಜೂನ್ 19ರಿಂದ ಜಾರಿಗೆ ಬಂತು. ಅದರ ಹಿಂದಿನ ವರ್ಷವಷ್ಟೇ ಸಿರಿಯಾ, ಅಫ್ಘಾನಿಸ್ತಾನ, ಇರಾಕಿನಿಂದ ಲಕ್ಷಾಂತರ ಮಂದಿ ಆಶ್ರಯ ಕೇಳಿ ಬಂದಿದ್ದರು. ‘ಬಾಸಿಸ್‌ಕೊಂಟೊ’ ಎಂದು ಕರೆಯುವ ಈ ಖಾತೆಗೆ ಪೂರ್ತಿ ಅರ್ಜಿ ಕೊಟ್ಟರೆ ಬ್ಯಾಂಕು ಹತ್ತು ಕೆಲಸದ ದಿನಗಳೊಳಗೆ ಉತ್ತರಿಸಬೇಕು. ಬೇರೆ ಖಾತೆ ಆಗಲೇ ಇದೆ ಎಂಬಂಥ ಕೆಲವೇ ಕಾರಣಗಳಿಗೆ ನಿರಾಕರಿಸಬಹುದು. ಕಾರಣವಿಲ್ಲದೆ ಬಾಗಿಲು ಹಾಕಿದರೆ ‘ಬಾಫಿನ್’ ಎಂಬ ಹಣಕಾಸು ನಿಯಂತ್ರಣ ಸಂಸ್ಥೆಗೆ ದೂರು ಕೊಡಬಹುದು. ವಿಳಾಸದ ಐದನೆಯ ಕಲಂ ಕೂಡ ಈ ಖಾತೆಗೆ ಸಡಿಲ. ಸ್ವಂತ ವಾಸಸ್ಥಾನ ಇಲ್ಲದವರು ಕಾಗದ ತಲುಪುವ ಯಾವುದಾದರೊಂದು ವಿಳಾಸ ಕೊಟ್ಟರೆ ಸಾಕು. ಇದರಲ್ಲಿ ಹಣ ಹಾಕಬಹುದು, ತೆಗೆಯಬಹುದು, ಕಳಿಸಬಹುದು, ಕಾರ್ಡೂ ಬರುತ್ತದೆ. ಇದ್ದದ್ದಕ್ಕಿಂತ ಹೆಚ್ಚು ತೆಗೆಯುವ ಓವರ್‌ಡ್ರಾಫ್ಟ್ ಸೌಲಭ್ಯವನ್ನು ಮಾತ್ರ ನಿರೀಕ್ಷಿಸುವ ಹಾಗಿಲ್ಲ. ಬಡವರ ಖಾತೆಗೆ ಮನಸ್ಸಿಗೆ ಬಂದಷ್ಟು ಶುಲ್ಕ ಹಾಕುವಂತೆಯೂ ಇಲ್ಲ. ಒಂದು ದೊಡ್ಡ ಬ್ಯಾಂಕು ತಿಂಗಳಿಗೆ 8.99 ಯೂರೋ ಹಿಡಿಯುತ್ತಿದ್ದಾಗ ಅದು ಅತಿಯಾಯಿತು ಎಂದು ದೇಶದ ಉನ್ನತ ಸಿವಿಲ್ ನ್ಯಾಯಾಲಯ 2020ರ ಜೂನ್ 30ರಂದು ತೀರ್ಪು ಕೊಟ್ಟಿತು.

ಅಂತೂ ಖಾತೆ ತೆರೆಯಿತು. ಕೈಗೆ ಬರುವುದು 22 ಅಕ್ಷರಗಳ ‘ಐಬಾನ್’. ಮೊದಲು ಡಿ, ಇ. ನಂತರ ತಪ್ಪು ಹಿಡಿಯುವ ಎರಡು ಅಂಕಿ. ಬ್ಯಾಂಕಿನ ಗುರುತು ಎಂಟು ಅಂಕಿ, ಖಾತೆಯದು ಹತ್ತು. ಬಾಡಿಗೆ, ಸಂಬಳ, ಆರೋಗ್ಯ ವಿಮೆ, ಜಿಮ್ಮು, ಮೊಬೈಲು, ಎಲ್ಲಕ್ಕೂ ಇದೇ. ಇದನ್ನು ಬರೆದು ಒಪ್ಪಿಗೆಯ ಸಹಿ ಹಾಕಿದರೆ ಆ ಕಂಪನಿಯವರೇ ತಿಂಗಳು ತಿಂಗಳು ಖಾತೆಯಿಂದ ಹಣ ಎಳೆದುಕೊಳ್ಳುತ್ತಾರೆ. ಅದಕ್ಕೆ ‘ಲಾಸ್ಟ್‌ಶ್ರಿಫ್ಟ್’ ಎನ್ನುತ್ತಾರೆ. ಕೇಳಿದರೆ ಎದೆ ಝಲ್ಲೆನ್ನುವ ಏರ್ಪಾಡು, ಆದರೆ ಹಾಗೆ ಹೋದ ಹಣವನ್ನು ಎಂಟು ವಾರದೊಳಗೆ ಕಾರಣ ಕೊಡದೆಯೇ ವಾಪಸು ಕೇಳುವ ಹಕ್ಕು ಗ್ರಾಹಕರಿಗಿದೆ.

ಬೀದಿಯ ವ್ಯವಹಾರದಲ್ಲಿ ಇನ್ನೊಂದು ಅಚ್ಚರಿ ಕಾದಿರುತ್ತದೆ. ಸೊಪ್ಪಿನ ಗಾಡಿಯಲ್ಲೂ ಕ್ಯೂಆರ್ ಹಲಗೆ ನೋಡಿ ಬೆಳೆದವರಿಗೆ ಅಲ್ಲಿಯ ಬೇಕರಿಯ ಮುಂದೆ ‘ನಗದು ಮಾತ್ರ’ ಎಂಬ ಚೀಟಿ ಎದುರಾಗುತ್ತದೆ. ಜರ್ಮನ್ ಕೇಂದ್ರ ಬ್ಯಾಂಕಿನ 2023ರ ಸಮೀಕ್ಷೆಯಂತೆ ದಿನನಿತ್ಯದ ಪಾವತಿಗಳಲ್ಲಿ ನೂರಕ್ಕೆ 51 ನಗದಿನವೇ. ಕಾರ್ಡು ಒಪ್ಪುವ ಸಣ್ಣ ಅಂಗಡಿಗಳಲ್ಲೂ ಕೆಲವು, ಜರ್ಮನಿಯದೇ ಆದ ‘ಜೀರೊಕಾರ್ಡ್’ ಎಂಬ ಡೆಬಿಟ್ ಕಾರ್ಡನ್ನು ಮಾತ್ರ ತೆಗೆದುಕೊಳ್ಳುತ್ತವೆ. ಶುಲ್ಕವಿಲ್ಲ ಎಂದು ಆ್ಯಪ್ ಬ್ಯಾಂಕಿನಲ್ಲಿ ಖಾತೆ ತೆರೆದು ವೀಸಾ ಡೆಬಿಟ್ ಕಾರ್ಡು ಹಿಡಿದು ಹೋದವರು ಆಗ ಚಿಲ್ಲರೆ ಹುಡುಕಬೇಕು.

ಖಾತೆ ತೆರೆದ ದಿನದಿಂದ ಇನ್ನೊಂದು ಕಡತವೂ ಬೆಳೆಯತೊಡಗುತ್ತದೆ. 1927ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ‘ಶೂಫಾ’ ಎಂಬ ಖಾಸಗಿ ಸಂಸ್ಥೆ ಜನರ ಸಾಲ, ಬಾಕಿಗಳ ಲೆಕ್ಕ ಇಡುತ್ತದೆ. ನಮ್ಮ ಸಿಬಿಲ್‌ನ ಅಜ್ಜ ಎನ್ನಬಹುದು. ಮನೆ ಬಾಡಿಗೆಗೆ ಕೊಡುವವರೂ ಅದರ ಪತ್ರ ಕೇಳುತ್ತಾರೆ. ಹೊಸಬರ ಪುಟ ಖಾಲಿ. ಕೆಟ್ಟ ಹೆಸರಿಲ್ಲ ಎಂಬುದಷ್ಟಕ್ಕೇ ಅಲ್ಲಿ ಒಳ್ಳೆಯ ಹೆಸರು ಬರುವುದಿಲ್ಲ.

ಈ ಗಡಿಬಿಡಿಯಲ್ಲಿ ಊರಿನ ಖಾತೆಯನ್ನು ಬಹಳ ಜನ ಮರೆತೇಬಿಡುತ್ತಾರೆ. ಫೆಮಾ ಎಂಬ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿಯಾದವರು ತಮ್ಮ ಮಾಮೂಲಿ ಉಳಿತಾಯ ಖಾತೆಯನ್ನು ಅನಿವಾಸಿಗಳ ‘ಎನ್‌ಆರ್‌ಒ’ ಖಾತೆಯಾಗಿ ಬದಲಿಸಿಕೊಳ್ಳಬೇಕು. ಹಾಸನದ ಶಾಖೆಗೆ ಒಂದು ಪತ್ರ, ಒಂದಿಷ್ಟು ದಾಖಲೆ, ಜೊತೆಗೆ ವಿದೇಶದ ವಿಳಾಸದ ಪುರಾವೆ. ಮತ್ತೆ ವಿಳಾಸ!

ಮಂಜುನಾಥ ಈಗ ದಿನಾ ಬೆಳಗ್ಗೆ ಡಬ್ಬ ನೋಡುತ್ತಾನೆ, ಕಾರ್ಡು ಬಂತೇ ಎಂದು. ಒಂದು ದಿನ ಲಕೋಟೆ ಬಿದ್ದಿರುತ್ತದೆ, ‘ಹೆರ್ ಹಾಸನ ರಾಮಣ್ಣ’ ಎಂದು ಅಚ್ಚುಕಟ್ಟಾಗಿ ಮುದ್ರಿಸಿದ್ದು. ಒಡೆದರೆ ಬ್ಯಾಂಕಿನದಲ್ಲ. ನಗರಾಡಳಿತದಲ್ಲಿ ನೋಂದಾಯಿಸಿದ ವಿಳಾಸ ರೇಡಿಯೊ-ಟೀವಿ ಶುಲ್ಕದ ಇಲಾಖೆಗೂ ಹೋಗಿರುತ್ತದೆ. ಟೀವಿ ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ 18.36 ಯೂರೋ. ಜೊತೆಯಲ್ಲಿರುವವರು ಕಟ್ಟುತ್ತಿದ್ದರೆ ಅವರ ನಂಬರ್ ತಿಳಿಸಿ, ಇಲ್ಲವಾದರೆ ಕೆಳಗಿನ ಖಾಲಿ ಚೌಕಗಳಲ್ಲಿ ನಿಮ್ಮ ಐಬಾನ್ ಬರೆಯಿರಿ.