ನಿಮಗಿದು ಗೊತ್ತೆ?: ಸೂಲಗಿತ್ತಿಗೆ ಸಂದ ಪದ್ಮಶ್ರೀ

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಹೆರಿಗೆ ಮಾಡಿಸುವುದನ್ನು ಕಲಿತದ್ದು ಅಜ್ಜಿಯಿಂದ. ಆಸ್ಪತ್ರೆ ಕೈಗೆಟುಕದ ಆ ಬಯಲುಸೀಮೆಯಲ್ಲಿ ಏಳು ದಶಕ, ಸುಮಾರು 15,000 ಹೆರಿಗೆ ಮಾಡಿಸಿದರು. ಹಣ ಪಡೆಯುತ್ತಿರಲಿಲ್ಲ. ಮಗುವನ್ನು ಹೊರತೆಗೆದರೆ ಸೂಲಗಿತ್ತಿಯ ಕೆಲಸ ಮುಗಿಯುವುದಿಲ್ಲ. ನೋವು ತಿನ್ನುವವಳ ಬೆನ್ನು ನೀವಬೇಕು, ಧೈರ್ಯ ಹೇಳುತ್ತ ರಾತ್ರಿಯಿಡೀ ಕೂರಬೇಕು, ಆಮೇಲೆ ಬಾಣಂತಿಗೂ ಕೂಸಿಗೂ ನೀರೆರೆಯಬೇಕು. ಇಂಥ ದುಡಿಮೆಯನ್ನು ನಾಡು ಗುರುತಿಸಿದ್ದು ತೀರಾ ತಡವಾಗಿ. ನರಸಮ್ಮನವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ದೊರೆತವು. ಅದೇ ವರ್ಷ ಡಿಸೆಂಬರ್ 25ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು. ನಿಮ್ಮೂರಿನ ಸೂಲಗಿತ್ತಿಯ ಹೆಸರೇನು? ಮನೆಯ ಹಿರಿಯರನ್ನು ಕೇಳಿ ಬರೆದಿಡಿ.